ಕುದುರೆ ಹಿಡಿದವರು

ಬೂಟಿನೊಳಗೆ ಹೋದ ಮೇಲೆ ಯಾರಿಗೆ ಕಾಣುತ್ತದೆ ಎಂದುಕೊಂಡು ಅಡಿವೆಪ್ಪ ಹೆಬ್ಬೆರಳ ಹತ್ತಿರ ಹರಿದಿದ್ದ ಕಾಲುಚೀಲವನ್ನೇ ಎಡಗಾಲಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ಮಂಚದ ತುದಿಯಲ್ಲಿ ಕೂತು ಅದನ್ನೇ ನೋಡಿದ. ಕಾರ್ಖಾನೆಯಲ್ಲಿ ಅವನ ಕೆಲಸವೇ ಕಾಣದ ದೋಷವನ್ನು ಹುಡುಕುವುದು. ವಿಮಾನದ ಎಂಜಿನ್ನಿನ ಬ್ಲೇಡುಗಳನ್ನು ಒಂದೊಂದಾಗಿ ದೀಪದ ಕೆಳಗೆ ಹಿಡಿದು, ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ಬದಿಗಿಡಬೇಕು. ಬದಿಗಿಟ್ಟದ್ದನ್ನು ಮೇಲಿನ ಎಂಜಿನಿಯರು ಬಂದು ನೋಡಿ, ಇಷ್ಟರಿಂದ ಏನೂ ಆಗುವುದಿಲ್ಲ ಅನ್ನಿಸಿದರೆ ಸಹಿ ಹಾಕಿ ಪಾಸು ಮಾಡುತ್ತಾನೆ. ಅದಕ್ಕೆ ಅಲ್ಲಿ ಕನ್ಸೆಷನ್ ಎನ್ನುತ್ತಾರೆ. ಹುಬ್ಬಳ್ಳಿಯ ಸಂಜೆ ಕಾಲೇಜಿನ ಡಿಪ್ಲೊಮಾ ಹಿಡಿದು ಡರ್ಬಿಗೆ ಬಂದವನಿಗೆ ಆ ಸಹಿಯ ಹುದ್ದೆ ಕೊನೆಗೂ ಬರಲಿಲ್ಲ. ಬರಲಿಲ್ಲವೆಂಬ ಬೇಸರ ಅವನಿಗೆ ಇತ್ತು, ಸದ್ಯ ಬರಲಿಲ್ಲವಲ್ಲ ಎಂಬ ಸಮಾಧಾನವೂ ಇತ್ತು. ಈಗ ತನ್ನ ಕಾಲುಚೀಲಕ್ಕೆ ತಾನೇ ಕನ್ಸೆಷನ್ ಕೊಟ್ಟುಕೊಂಡೆನಲ್ಲ ಎಂದು ನಗು ಬಂತು. ನಗು ಪೂರ್ತಿ ಬರುವ ಮೊದಲೇ ಕೋಟಿನ ಜೇಬಿನಲ್ಲಿ ಮಡಿಸಿಟ್ಟ ಭಾಷಣದ ಹಾಳೆ ನೆನಪಾಗಿ ಅದು ನಿಂತುಹೋಯಿತು.

ಪ್ರಭಾವತಿ ಆಸ್ಪತ್ರೆಯ ಲ್ಯಾಬಿನ ಶನಿವಾರದ ಪಾಳಿಗೆ ಹೊರಟಿದ್ದಳು. ಕೊರಳಿಗೆ ಬ್ಯಾಜು ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತು, "ಏನ್ರೀ, ಚರ್ಚಿಗೆ ಹೊಂಟೀರೋ, ಗಡಿ ಸಾಹೇಬನ ಗುಡಿಗೆ ಹೊಂಟೀರೋ? ತತ್ತಿ ಕುದಿಸಿ ಕೊಡ್ಲೇನು?" ಎಂದಳು. "ನಿನಗ ಚ್ಯಾಷ್ಟಿ" ಎಂದ ಅವನು. "ಚ್ಯಾಷ್ಟಿ ಅಲ್ಲರೀ. ಮಂದಿ ಮುಂದ ಭಾಷಣ ಮಾಡೂಕಿಂತ ಮೊದಲು ಆ ಹುಡುಗಿಗೆ ಖರೆ ಹೇಳಿಬಿಡ್ರಿ. ತನ್ನ ಹಿರೀಕರನ್ನ ಗಲ್ಲಿಗೆ ಹಾಕಿದ್ರು ಅಂತ ಊರಿಗೆಲ್ಲಾ ಸಾರಿಕೊಂಡು ಬಂದಾಳ." "ಇವತ್ತು ಹೇಳತೀನಿ." "ಹೋದ ಯುಗಾದಿಗೂ ಹಿಂಗ ಅಂದಿದ್ರಿ. ಅವತ್ತು ಹೋಳಿಗಿ ತಿಂದು ಮಲಕೊಂಡ್ರಿ." ಅವಳು ಹೋದ ಮೇಲೆ ಮನೆ ಒಮ್ಮೆಲೆ ದೊಡ್ಡದಾಯಿತು. ಮಗಳು ಸಿಂಚನಾ ಬೆಳಿಗ್ಗೆಯೇ ಪೇಟೆಯ ಕೆಫೆಗೆ ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನ ಅಲ್ಲಿಂದಲೇ ಬಸ್ಸು ಹಿಡಿದು ನೇರ ಚರ್ಚಿಗೆ ಬರುವವಳು. ಅಪ್ಪನ ಭಾಷಣ ಕೇಳಲು ಮಗಳು ರಜೆ ಕೇಳಿದ್ದು ಇದೇ ಮೊದಲು. ಅದಕ್ಕೆ ಸಂತೋಷಪಡಬೇಕಾದ ಅವನಿಗೆ ರಾತ್ರಿಯೆಲ್ಲ ನಿದ್ದೆ ಹತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಲೈಬ್ರರಿಯಲ್ಲಿ ಮಂಗಳವಾರ ಸಂಜೆ ನಡೆಯುವ ಸ್ಥಳೀಯ ಇತಿಹಾಸದ ತರಗತಿಯಲ್ಲಿ. ಸುಮ್ಮನೆ ಮನೆಯಲ್ಲಿ ಕೂತು ಟಿವಿ ನೋಡುವುದಕ್ಕಿಂತ ನಾವಿರುವ ಊರಿನ ಬಗ್ಗೆ ಏನಾದರೂ ತಿಳಿದುಕೊಳ್ಳಬೇಕು ಎಂಬುದು ಅವನ ಆಸೆಯಾಗಿತ್ತು. ನಿವೃತ್ತ ಶಿಕ್ಷಕಿ ಜೂಡಿತ್ ಒಂದು ಸಂಜೆ ಡರ್ಬಿಯ ಹೊರಗಿನ ಹಳ್ಳಿಯೊಂದರ ಚರ್ಚಿನ ಗೋಡೆಯಲ್ಲಿರುವ ಅಮೃತಶಿಲೆಯ ಫಲಕದ ಚಿತ್ರ ತೋರಿಸಿದಳು. ಕ್ಯಾಪ್ಟನ್ ಥಾಮಸ್ ಆಲ್ಸಪ್, ಕಂಪನಿಯ ಸೈನ್ಯದ ಅಧಿಕಾರಿ, ಗಡಿ ಪೊಲೀಸಿನ ಮುಖ್ಯಸ್ಥ, ದುಷ್ಟರಿಗೆ ಭಯಂಕರ, ರೈತರಿಗೆ ಬಂಧು, ಸಹ ಅಧಿಕಾರಿಗಳು ದುಃಖದಿಂದ ನಿಲ್ಲಿಸಿದ್ದು. ಅವನು ಒಂಬತ್ತು ಜನರನ್ನು ಗಲ್ಲಿಗೇರಿಸಿದ್ದು ಮಾತ್ರ ಇದರಲ್ಲಿಲ್ಲ ಎಂದಳು ಜೂಡಿತ್. ಫಲಕದ ಕೊನೆಯಲ್ಲಿ ಅವನು ಸತ್ತ ಊರಿನ ಹೆಸರಿತ್ತು: ಕಡವಿನಕೊಪ್ಪ. ತುಂಗಭದ್ರೆಯ ದಂಡೆಯ ತನ್ನ ಊರಿನ ಹೆಸರು ಡರ್ಬಿಯ ಲೈಬ್ರರಿಯ ಬಿಳಿ ಪರದೆಯ ಮೇಲೆ! ಅಡಿವೆಪ್ಪ ಕುರ್ಚಿಯಿಂದ ಎದ್ದು ನಿಂತುಬಿಟ್ಟ. "ಅದು ನಮ್ಮ ಊರು" ಎಂದ. ಧ್ವನಿ ಯಾಕೋ ಏರಿತ್ತು. ಎಲ್ಲರೂ ತಿರುಗಿ ನೋಡಿದರು. ಜೂಡಿತ್ ಕೈಯಲ್ಲಿದ್ದ ರಿಮೋಟನ್ನು ಎದೆಗೆ ಒತ್ತಿಕೊಂಡು, "ಓ ಆದಿ, ಹಾಗಾದರೆ ಅವನು ಗಲ್ಲಿಗೇರಿಸಿದ ಆ ಒಂಬತ್ತು ಜನ... ಅವರು ನಿಮ್ಮ ಪೂರ್ವಿಕರು" ಎಂದಳು. ಅವಳ ಕಣ್ಣುಗಳು ತುಂಬಿದ್ದವು. ಇಲ್ಲ ಮೇಡಂ, ಅದು ಹಾಗಲ್ಲ, ಎನ್ನಲು ಅವನು ಬಾಯಿ ತೆರೆದ. ಆದರೆ ಕಲಿಸುವವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಕೈಮೇಲೆ ಹೊಡೆಸಿಕೊಂಡು ಬೆಳೆದ ಮೈ ಅವನದು. ಅವಳ ಮಾತು ಮುಗಿಯಲೆಂದು ಕಾದ. ಮುಗಿಯುವಷ್ಟರಲ್ಲಿ ಪಕ್ಕದ ಮುದುಕಿ ಅವನ ಭುಜದ ಮೇಲೆ ಕೈ ಇಟ್ಟಿದ್ದಳು, ಯಾರೋ ಚಹಾ ತಂದುಕೊಟ್ಟಿದ್ದರು, ಬಿಸ್ಕತ್ತಿನ ತಟ್ಟೆ ಮೊದಲು ಅವನ ಕಡೆಗೆ ಬಂದಿತ್ತು. ಇಷ್ಟು ವರ್ಷ ಈ ಊರಿನಲ್ಲಿದ್ದರೂ ಯಾರೂ ಅವನಿಗೆ ಬಿಸ್ಕತ್ತಿನ ತಟ್ಟೆಯನ್ನು ಮೊದಲು ಕೊಟ್ಟಿರಲಿಲ್ಲ. ಆ ಬಿಸ್ಕತ್ತು ತಿಂದ ಮೇಲೆ ಸತ್ಯ ಹೇಳುವುದು ಅಸಭ್ಯವಾಗಿ ಕಂಡಿತು.

ಆಮೇಲಿನ ವಾರಗಳಲ್ಲಿ ಅವನು ಆಲ್ಸಪ್ಪನ ಜೀವನವನ್ನು ಶ್ರದ್ಧೆಯಿಂದ ಓದಿಕೊಂಡ. ಜೂಡಿತ್ ಕೊಟ್ಟ ಕಾಗದಗಳನ್ನೆಲ್ಲ ಬ್ಲೇಡು ನೋಡುವ ಹಾಗೆ ದೀಪದ ಕೆಳಗೆ ಹಿಡಿದು ನೋಡಿದ. ಕಾಲುಚೀಲ ನೇಯಿಸುವ ಸಣ್ಣ ಮಾಲೀಕನ ಮೂರನೆಯ ಮಗ; ಮಗ್ಗ ನಿಂತುಹೋದಾಗ ಚಿಕ್ಕಪ್ಪನ ಶಿಫಾರಸಿನಿಂದ ಮದ್ರಾಸಿನ ಪಲ್ಟಣಕ್ಕೆ ಸೇರಿದವನು. ಒಂದು ಯುದ್ಧದಲ್ಲೂ ಗುಂಡು ಹಾರಿಸಿದ ದಾಖಲೆಯಿಲ್ಲ. ಮೊದಲು ರಸ್ತೆ ಅಳೆದ, ನಂತರ ಎತ್ತು ಖರೀದಿ ಮಾಡಿದ, ಅದರಲ್ಲಿ ಏನೋ ಎಡವಟ್ಟಾಗಿ ದೂರದ ಗಡಿಗೆ ಹಾಕಿದರು. ಹೊಳೆಯ ಈ ದಂಡೆ ಕಂಪನಿಯದು, ಆ ದಂಡೆ ನಿಜಾಮನದು. ದರೋಡೆಕೋರರು ಈ ಕಡೆ ದನ ಹೊಡೆದು ಆ ಕಡೆ ದಾಟಿಬಿಟ್ಟರೆ ಕಾನೂನು ನೀರಿನ ಅಂಚಿನಲ್ಲಿ ನಿಲ್ಲಬೇಕು. ಆಲ್ಸಪ್ ನೂರು ಮಂದಿ ಸವಾರರನ್ನು ಕಟ್ಟಿಕೊಂಡು ಹೊಳೆ ದಾಟಿದ. ಒಂಬತ್ತು ಜನರನ್ನು ಹಿಡಿದು ತಂದು, ವಿಚಾರಣೆ ಇಲ್ಲದೆ, ಕಡವಿನ ಹುಣಸೆಮರಕ್ಕೆ ಏರಿಸಿದ. ಮೇಲಿನವರು ಅವನಿಗೆ ಕಟುವಾದ ಛೀಮಾರಿ ಹಾಕಿದರು, ಅದರ ಬೆನ್ನಿಗೇ ಕ್ಯಾಪ್ಟನ್ ಮಾಡಿದರು. ಬಡ್ತಿ ಸಿಕ್ಕ ಮಳೆಗಾಲದಲ್ಲೇ ಭೇದಿ ಹತ್ತಿ ಸತ್ತ. ಭೇದಿಯ ವಿಷಯ ಫಲಕದಲ್ಲಿ ಇರಲಿಲ್ಲ. ಕಾಗದ ಓದುತ್ತ ಅಡಿವೆಪ್ಪನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲೆಂದು ಕಾದು ಕೂತ. ಬಂದದ್ದು ಮುಜುಗರ. ಮನೆಯ ಹಿರಿಯನೊಬ್ಬ ಬಟ್ಟೆ ಬದಲಾಯಿಸುವಾಗ ಬಾಗಿಲು ತೆರೆದುಬಿಟ್ಟ ಹಾಗೆ.

ಯಾಕೆಂದರೆ ಊರವರು ಗಡಿ ಸಾಹೇಬ ಎನ್ನುತ್ತಿದ್ದ ಈ ಆಲ್ಸಪ್ ಅವನಿಗೆ ಹೆಚ್ಚುಕಡಿಮೆ ಮನೆಯವನೇ. ಐದನೆಯ ವಯಸ್ಸಿನಲ್ಲಿ ಅವನಿಗೆ ಜ್ವರ ಏರಿ ಬಾಯಿ ಕಟ್ಟಿದಾಗ ಅವ್ವ ಹರಕೆ ಹೊತ್ತದ್ದು ಕಡವಿನಲ್ಲಿರುವ ಸಾಹೇಬನ ಗೋರಿಗೆ, ಹೆಸರಿಲ್ಲದ ಆ ಕಲ್ಲಿಗೆ. ತತ್ತಿ ಮುಟ್ಟದ ಮನೆತನ ಅವರದು. ಯಾರದೋ ಕೈಯಿಂದ ತರಿಸಿ ಬೇಯಿಸಿದ ತತ್ತಿಯನ್ನು ಮುತ್ತುಗದ ಎಲೆಯಲ್ಲಿಟ್ಟು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಅವ್ವ ಅದನ್ನು ಗೋರಿಯ ಮುಂದಕ್ಕೆ ಕೋಲಿನಿಂದ ನೂಕಿದ್ದಳು. ಗೋರಿ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ವೀರಭದ್ರಪ್ಪ ಒಂದು ಸಿಗರೇಟು ಹೊತ್ತಿಸಿ, ಎರಡು ದಮ್ಮು ತಾನೇ ಎಳೆದು, ಕಲ್ಲಿನ ಅಂಚಿಗೆ ಇಟ್ಟ. ಬೂದಿ ತಾನಾಗಿ ಉದುರಿದರೆ ಸಾಹೇಬ ಒಪ್ಪಿದ ಎಂದು ಲೆಕ್ಕ. ಉದುರಿತು. ಜ್ವರ ಇಳಿಯಿತು. "ನಿನ್ನ ಜೀವಾ ಸಾಹೇಬ ಬಿಟ್ಟು ಕೊಟ್ಟಾನ" ಎಂದು ಅವ್ವ ಹೇಳುತ್ತಿದ್ದಳೇ ಹೊರತು ಸಾಹೇಬ ಕೊಟ್ಟಾನ ಎಂದು ಯಾವತ್ತೂ ಹೇಳಲಿಲ್ಲ. ಆ ವ್ಯತ್ಯಾಸವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಅವನ ಮೇಲೆ ಊರಿಗೆ ಭಕ್ತಿ ಇರಲಿಲ್ಲ. ಅವನು ಏಳಬಾರದು, ಅಷ್ಟೆ. ತತ್ತಿ ಸಿಗರೇಟು ಸಿಗುತ್ತಿದ್ದರೆ ಮಲಗಿರುತ್ತಾನೆ.

ಆದರೆ ಆ ಮಲಗಿಸುವ ಕೆಲಸ ಅವರ ಮನೆಗೇ ಯಾಕೆ ಬಂತು ಎಂಬುದನ್ನು ಅವನು ಸಿಂಚನಾಳಿಗೆ ಹೇಳಿರಲಿಲ್ಲ. ಮನೆತನದ ಹೆಸರು ಕುದರಿ. ಕಾರ್ಖಾನೆಯ ಬ್ಯಾಜಿನ ಮೇಲೂ ಅದೇ. ಸಿಂಚನಾ ಚಿಕ್ಕವಳಿದ್ದಾಗ ಕೇಳಿದ್ದಳು, "ಅಪ್ಪ, ಡಿಡ್ ವಿ ಹ್ಯಾವ್ ಹಾರ್ಸಸ್?" ಅವನು, ಹೂಂ, ಇದ್ದವು ಎಂದಿದ್ದ. ಇರಲಿಲ್ಲ. ಕುದುರೆ ಇದ್ದದ್ದು ಸಾಹೇಬನದು. ಅದನ್ನು ಹಿಡಿದು ನಿಂತದ್ದು ಇವರು. ಒಂಬತ್ತು ಜನರನ್ನು ಏರಿಸಿದ ದಿನ ಬೆಳಗಿನಿಂದ ಹೊತ್ತು ಏರುವವರೆಗೂ ಸಾಹೇಬನ ಕುದುರೆಯನ್ನು ಹಿಡಿದು ನಿಂತ ಪೂರ್ವಿಕನ ಹೆಸರೂ ಅಡಿವೆಪ್ಪ. ಮರದಿಂದ ಮೊದಲ ಸದ್ದು ಬಂದಾಗ ಕುದುರೆ ಕಿವಿ ನಿಮಿರಿಸಿ ಕಾಲು ಕೆದರಿತಂತೆ. ಆ ಅಡಿವೆಪ್ಪ ತನ್ನ ತಲೆಯ ಪಟಕಾ ಬಿಚ್ಚಿ ಅದರ ಕಣ್ಣಿಗೆ ಕಟ್ಟಿದನಂತೆ. ಕುದುರೆ ಬೆದರಲಿಲ್ಲ. ಸಾಹೇಬ ಅದನ್ನು ನೋಡಿದ, ಮೆಚ್ಚಿದ, ಹೊಳೆಸಾಲಿನ ಹೊಲ ಕೊಟ್ಟ. ಅವನು ಸತ್ತ ಮೇಲೆ ಆ ಹೊಲದ ಜೊತೆಗೆ ಗೋರಿಯ ಕೆಲಸವೂ ಈ ಮನೆಗೇ ಬಂತು. ಈ ಕಥೆಯನ್ನು ಮನೆಯಲ್ಲಿ ಹಬ್ಬದ ದಿನ ಹೆಮ್ಮೆಯಿಂದಲೇ ಹೇಳುತ್ತಿದ್ದರು: ಆಳೆತ್ತರದ ಅರಬ್ಬೀ ಕುದುರಿ, ಜಪ್ಪಯ್ಯ ಅನ್ನಲಿಲ್ಲ! ಒಂಬತ್ತು ಜನರ ಮನೆಗಳು ಊರಿನ ಆಚೆ ತುದಿಗೆ ಇದ್ದವು. ಅಲ್ಲಿಯ ಮುದುಕಿಯೊಬ್ಬಳು ಬೇಸಿಗೆಯಲ್ಲಿ ಊರಿನ ಬಾವಿಗಳೆಲ್ಲ ಬತ್ತಿದಾಗಲೂ ಇವರ ಬಾವಿಗೆ ಬರುತ್ತಿರಲಿಲ್ಲ. ಅವ್ವ ತಾನಾಗಿಯೇ ಕೊಡ ತುಂಬಿ ಒಯ್ದಾಗ, "ಕುದುರಿ ಹಿಡದವರ ಮನಿ ನೀರು ನಮಗ ಇಳಿಯೂದಿಲ್ಲವ್ವ" ಎಂದಿದ್ದಳು. ಸಿಟ್ಟಿನಿಂದಲ್ಲ, ಗಂಟಲಿನ ಕಾಯಿಲೆ ಹೇಳಿಕೊಳ್ಳುವವರ ಹಾಗೆ. ಅವ್ವನ ಸೆರಗು ಹಿಡಿದು ನಿಂತಿದ್ದ ಅವನಿಗೆ, ವಾಪಸು ಬರುವಾಗ ತುಂಬಿದ ಕೊಡದಿಂದ ಚೆಲ್ಲಿದ ನೀರು ತನ್ನ ಕಾಲ ಮೇಲೆ ಬಿದ್ದದ್ದು ಈಗಲೂ ನೆನಪಿತ್ತು.

ಸಿಂಚನಾಳಿಗೆ ಜೂಡಿತ್‌ಳ ಮಾತು ತಲುಪಿದ್ದು ಅವನಿಂದಲ್ಲ. ಜೂಡಿತ್‌ಳೇ ಒಮ್ಮೆ ಕೆಫೆಗೆ ಕಾಫಿ ಕುಡಿಯಲು ಹೋದವಳು ಹುಡುಗಿಯ ಕೈ ಹಿಡಿದು ಹೇಳಿದ್ದಳು. ಅಂದು ಮನೆಗೆ ಬಂದ ಸಿಂಚನಾ ಬೂಟು ಕೂಡ ಬಿಚ್ಚದೆ ಅವನನ್ನು ತಬ್ಬಿಕೊಂಡಿದ್ದಳು. "ವೈ ಡಿಡ್ ಯು ನೆವರ್ ಟೆಲ್ ಮಿ?" ಎಂದು ಅತ್ತಳು. ಹದಿನೇಳು ವರ್ಷದ ಮಗಳು ಹಾಗೆ ತಬ್ಬಿಕೊಂಡು ಎಷ್ಟು ಕಾಲವಾಗಿತ್ತೋ. ಅವನು ಅವಳ ತಲೆ ಸವರುತ್ತ, ನಾಳೆ ಹೇಳಿದರಾಯಿತು ಎಂದುಕೊಂಡ. ಆಮೇಲೆ ಅವಳು ಗೋಡೆಗೆ ನಕಾಶೆ ಅಂಟಿಸಿದಳು. ಡಾಕ್ಟರಿಕೆ ಬೇಡ, ಇತಿಹಾಸ ಓದುತ್ತೇನೆ ಎಂದಳು. ತನ್ನ ಪೂರ್ವಿಕ ಗಲ್ಲಿಗೇರಿದ ಕಥೆಯಿಂದಲೇ ಶುರುವಾಗುವ ವಿಶ್ವವಿದ್ಯಾಲಯದ ಅರ್ಜಿಯನ್ನು ಲೀಡ್ಸ್‌ಗೆ ಕಳಿಸಿದಳು. ಲೀಡ್ಸ್‌ನವರು ಬಾ ಎಂದರು. ಈಗ ಫಲಕವನ್ನು ಗೋಡೆಯಿಂದ ತೆಗೆಯಬೇಕೋ ಬೇಡವೋ ಎಂದು ಚರ್ಚಿನವರು ಕರೆದ ಸಭೆಯಲ್ಲಿ ಅಪ್ಪ ಮಾತಾಡಬೇಕೆಂದು ಪಟ್ಟು ಹಿಡಿದು, ಭಾಷಣವನ್ನು ತಾನೇ ತಿದ್ದಿ ಟೈಪು ಮಾಡಿಕೊಟ್ಟಿದ್ದಳು. ಮೊದಲ ವಾಕ್ಯ ಅವಳದೇ: ಈ ಕಲ್ಲು ಹೆಸರಿಸದ ಆ ಒಂಬತ್ತು ಜನ ನನ್ನ ಕುಟುಂಬದವರು. ಕಾರು ಓಡಿಸುತ್ತ ಅಡಿವೆಪ್ಪ ಅದನ್ನು ಗಟ್ಟಿಯಾಗಿ ಹೇಳಿ ನೋಡಿದ. ಒಳ್ಳೆಯ ವಾಕ್ಯ. ಯಾವ ಕಡೆಯಿಂದ ಅಳೆದರೂ ನೆಟ್ಟಗಿತ್ತು. ಅವನು ಹೇಳಿದಾಗ ಮಾತ್ರ ಅದು ಬೇರೆಯವರ ಕೋಟಿನ ಹಾಗೆ ಭುಜದ ಮೇಲೆ ಜೋಲುತ್ತಿತ್ತು. ಸುತ್ತುರಸ್ತೆಯ ದೀಪ ಹಸಿರಾದದ್ದು ಗೊತ್ತಾಗದೆ ನಿಂತೇ ಇದ್ದಾಗ ಹಿಂದಿನವನು ಹಾರ್ನು ಹೊಡೆದ. ಅಡಿವೆಪ್ಪ ಕನ್ನಡಿಯಲ್ಲಿ ಅವನಿಗೆ ಕೈ ಎತ್ತಿ ಕ್ಷಮೆ ಕೇಳಿದ. ಮುಂದಿನ ದೀಪದ ಹತ್ತಿರ ಇನ್ನೊಮ್ಮೆ ಕೇಳಿದ.

ಹಳ್ಳಿಯ ಚರ್ಚಿನ ಮುಂದೆ ಕಾರು ನಿಲ್ಲಿಸುವಾಗ ಫೋನು ಮಿಡಿಯಿತು. ಸಿಂಚನಾಳ ಸಂದೇಶ. ಬಸ್ಸು ರದ್ದಾಗಿದೆ, ಮುಂದಿನದಕ್ಕೆ ಕಾಯಬೇಕು, ನನಗಾಗಿ ಕಾಯಬೇಡಿ ಶುರುಮಾಡಿ, ನೀವು ಚೆನ್ನಾಗಿ ಮಾತಾಡುತ್ತೀರಿ. ಅವನು ಓದಿದ. ಎದೆಯೊಳಗಿಂದ ಏನೋ ಜಾರಿ ಇಳಿದು ಉಸಿರು ಸರಾಗವಾಯಿತು. ಮಗಳ ಬಸ್ಸು ರದ್ದಾದದ್ದಕ್ಕೆ ಹೀಗೆ ಹಗುರಾಗುವ ತಂದೆ ಎಂಥವನು ಎಂದು ಕೇಳಿಕೊಂಡ. ಕೇಳಿಕೊಳ್ಳುತ್ತಲೇ ಹಗುರವಾಗಿ ನಡೆದ. ಮಳೆ ಬಂದು ನಿಂತಿತ್ತು. ಚರ್ಚಿನ ಮುಂಗಟ್ಟಿನಲ್ಲಿ ಕಲ್ಲಿನ ಹೊಸ್ತಿಲು ಎಷ್ಟೋ ನೂರು ವರ್ಷದ ಕಾಲುಗಳಿಂದ ನಡುವೆ ಸವೆದು ತೊಟ್ಟಿಲ ಹಾಗಾಗಿತ್ತು. ಅದನ್ನು ನೋಡಿ, ನಮ್ಮ ಕಡೆಯ ಗುಡಿಗಳ ಹೊಸ್ತಿಲೂ ಹೀಗೇ, ಎಂದುಕೊಂಡ. ಆಮೇಲೆ ಮಾತಿನ ಮೊದಲ ವಾಕ್ಯವನ್ನು ಮತ್ತೆ ನೆನಪಿಸಿಕೊಳ್ಳುತ್ತ ಒಳಗೆ ಹೋದ.

ಒಳಗೆ ಹದಿನೈದಿಪ್ಪತ್ತು ಜನ, ಹಿಂದಿನ ಮೇಜಿನ ಮೇಲೆ ಕುದಿಯುವ ಚಹಾದ ಹಂಡೆ, ಒದ್ದೆ ಕೋಟುಗಳ ವಾಸನೆ. ಪಾದ್ರಿಣಿಗೆ ಐದು ಹಳ್ಳಿಯ ಚರ್ಚುಗಳಿದ್ದುದರಿಂದ ಅವಳು ಬಂದಿರಲಿಲ್ಲ. ಚರ್ಚಿನ ಮೇಲುಸ್ತುವಾರಿ ನೋಡುವ ಕೀತ್, ಹಿಂದೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಬಾಗಿಲ ಬಳಿಯೇ ನಿಂತು, "ಬಾ ಡಕ್, ಹೀಟರು ಆ ಕಡೆ ಇದೆ" ಎಂದ. ಡರ್ಬಿಗೆ ಬಂದ ಹೊಸತರಲ್ಲಿ ಬಸ್ಸಿನ ಡ್ರೈವರಿನಿಂದ ಹಿಡಿದು ಎಲ್ಲರೂ ತನ್ನನ್ನು ಬಾತುಕೋಳಿ ಎನ್ನುತ್ತಾರಲ್ಲ ಎಂದು ಅಡಿವೆಪ್ಪ ವಾರಗಟ್ಟಲೆ ನೊಂದಿದ್ದ. ಅದು ಅಕ್ಕರೆಯ ಮಾತು ಎಂದು ತಿಳಿದ ಮೇಲೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಜೂಡಿತ್ ಮುಂದೆ ಬಂದು ಅವನ ತೋಳು ಹಿಡಿದು, "ಮೊದಲು ನೋಡಬೇಕೆ ನಿಮಗೆ? ಒಬ್ಬರೇ?" ಎಂದು ಪಿಸುಗುಟ್ಟಿದಳು. ಹೆಣ ನೋಡಲು ಬಂದವರನ್ನು ಒಳಕ್ಕೆ ಕರೆದೊಯ್ಯುವ ಹಾಗೆ ಫಲಕದ ಮುಂದೆ ಅವನನ್ನು ತಂದು ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ಸರಿದಳು.

ಚಿತ್ರದಲ್ಲಿ ನೋಡಿದ್ದಕ್ಕಿಂತ ಚಿಕ್ಕದಾಗಿತ್ತು. ಬಿಳಿ ಕಲ್ಲು ಹಳದಿ ತಿರುಗಿತ್ತು, ಕೆಳಗೆ ಕೆತ್ತಿದ ಕತ್ತಿಯ ತುದಿ ಮುರಿದಿತ್ತು. ಈ ಕಲ್ಲಿನಲ್ಲಿ ಹೆಸರಿದೆ, ಆಳಿಲ್ಲ. ಊರಿನ ಕಲ್ಲಿನಲ್ಲಿ ಆಳಿದ್ದಾನೆ, ಹೆಸರಿಲ್ಲ ಎಂದುಕೊಂಡ. ಇದಕ್ಕೆ ಯಾರೂ ಏನೂ ಇಟ್ಟಿಲ್ಲವಲ್ಲ, ಇಷ್ಟು ವರ್ಷ ಇಲ್ಲಿ ಇವನನ್ನು ಯಾರು ನೋಡಿಕೊಂಡರು ಎಂದು ಅನ್ನಿಸಿತು. ಎಡಗಾಲಿನ ಹೆಬ್ಬೆರಳಿಗೆ ಕಲ್ಲಿನ ನೆಲ ಚುರ್ರೆಂದು ತಣ್ಣಗೆ ತಾಗಿದಾಗಲೇ ಅವನಿಗೆ ಗೊತ್ತಾದದ್ದು: ತನ್ನ ಕಾಲಲ್ಲಿ ಬೂಟಿಲ್ಲ. ಆ ತೊಟ್ಟಿಲಿನಂಥ ಹೊಸ್ತಿಲ ಹೊರಗೆ ಎಲ್ಲೋ ಬಿಟ್ಟು ಬಂದಿದ್ದಾನೆ. ಯಾವಾಗ ಬಿಟ್ಟೆ ಎಂದು ಯೋಚಿಸುವಷ್ಟರಲ್ಲಿ ಇನ್ನೊಂದು ಗೊತ್ತಾಯಿತು. ತನ್ನ ಬಲಗೈಯ ಬೆರಳುಗಳು ಕಲ್ಲನ್ನು ಮುಟ್ಟಿ, ಈಗ ಕಣ್ಣಿನ ಮೇಲೆ ಇದ್ದವು.

ಕೈ ಇಳಿಸಿ ತಿರುಗಿದ. ಎಲ್ಲರ ಕಣ್ಣೂ ಮೊದಲು ಅವನ ಮುಖಕ್ಕೆ, ಆಮೇಲೆ ಕಾಲಿಗೆ, ಆಮೇಲೆ ಕಾಲುಚೀಲದಿಂದ ಹೊರಗೆ ಬಂದು ನಿಂತಿದ್ದ ಹೆಬ್ಬೆರಳಿಗೆ ಇಳಿದವು. "ಇದು ಕ್ಷಮೆ" ಎಂದಳು ಜೂಡಿತ್, ಕರವಸ್ತ್ರ ಹುಡುಕುತ್ತ. "ಅವನು ಅವರಿಗೆ ಮಾಡಿದ್ದಕ್ಕೆಲ್ಲ ಕ್ಷಮೆ. ನಮ್ಮಿಂದ ಸಾಧ್ಯವಿತ್ತೆ ಇದು?" ಹಿಂದಿನಿಂದ ಕೀತ್, "ಅದನ್ನೇ ನಾನು ಹೇಳುತ್ತ ಬಂದದ್ದು. ಅವರ ಜನಕ್ಕೇ ಅವನ ಮೇಲೆ ಗೌರವ ಇದೆ. ಅವರಿಗಿಲ್ಲದ ಸಿಟ್ಟು ನಮಗ್ಯಾಕೆ? ಕಲ್ಲು ಇದ್ದಲ್ಲಿರಲಿ" ಎಂದ. ಇಬ್ಬರೂ ಅವನ ಕಡೆ ನೋಡಿದರು. ಇಬ್ಬರ ಮುಖದಲ್ಲೂ ಕೃತಜ್ಞತೆಯಿತ್ತು. ಅಡಿವೆಪ್ಪ ಜೇಬಿನಿಂದ ಹಾಳೆ ತೆಗೆದ. ಮೊದಲ ವಾಕ್ಯ ನೋಡಿದ. ಸಿಂಚನಾ ಇಲ್ಲಿ ಕೂತಿದ್ದರೆ ಓದಿಬಿಡುತ್ತಿದ್ದ, ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವಳಿಲ್ಲ, ಬಸ್ ಸ್ಟಾಪಿನಲ್ಲಿ ನಿಂತಿದ್ದಾಳೆ. ಇವರೆಲ್ಲ ಪರಕೀಯರು. ಪರಕೀಯರ ಮುಂದೆ ಸತ್ಯ ಹೇಳುವುದು ಎಷ್ಟು ಸುಲಭ ಎಂದು ಆ ಕ್ಷಣ ಹೊಳೆದು, ಅವನಿಗೆ ತನ್ನ ಬಗ್ಗೆ ಇದ್ದ ಅಲ್ಪಸ್ವಲ್ಪ ಗೌರವವೂ ಹೋಯಿತು. ಹೋದ ಮೇಲೆ ಮಾತು ಬಂತು.

"ಕ್ಷಮೆ ಅಲ್ಲ" ಎಂದ. "ಗೌರವವೂ ಅಲ್ಲ. ನಾವು ಅವನಿಗೆ ಮೊಟ್ಟೆ ಇಡುತ್ತೇವೆ, ಸಿಗರೇಟು ಇಡುತ್ತೇವೆ. ಅವನು ಏಳಬಾರದು ಅಂತ." ಯಾರೋ ಸಣ್ಣಗೆ ನಕ್ಕು ಸುಮ್ಮನಾದರು. "ಆ ಒಂಬತ್ತು ಜನ ನನ್ನ ಕುಟುಂಬ ಅಲ್ಲ. ಅವರ ಮನೆಯವರು ಆ ಗೋರಿಗೆ ಬರುವುದೇ ಇಲ್ಲ. ನಮ್ಮ ಮನೆಯ ನೀರೂ ಕುಡಿಯುವುದಿಲ್ಲ. ಅವತ್ತು ನನ್ನ ಪೂರ್ವಿಕ ಸಾಹೇಬನ ಕುದುರೆ ಹಿಡಿದುಕೊಂಡು ನಿಂತಿದ್ದ. ಕುದುರೆ ಬೆದರದ ಹಾಗೆ ಅದರ ಕಣ್ಣಿಗೆ ಬಟ್ಟೆ ಕಟ್ಟಿದ. ಅದಕ್ಕೆ ಹೊಲ ಸಿಕ್ಕಿತು. ನನ್ನ ಹೆಸರು ಅವನದೇ. ಕುದರಿ ಎಂದರೆ ಕುದುರೆ. ಮೊದಲೇ ಹೇಳಬೇಕಿತ್ತು. ಬಿಸ್ಕತ್ತು ಕೊಟ್ಟಿರಿ, ಹೇಳಲಿಲ್ಲ." ಬಿಸ್ಕತ್ತಿನ ಮಾತು ಯಾರಿಗೂ ಅರ್ಥವಾಗಲಿಲ್ಲ. ಉಳಿದದ್ದು ಅರ್ಥವಾಗಿ ಎಲ್ಲರೂ ಎದ್ದು ಹೋಗುತ್ತಾರೆ, ಕೊನೆಯ ಪಕ್ಷ ಜೂಡಿತ್‌ಳ ಮುಖವಾದರೂ ಕಪ್ಪಿಡುತ್ತದೆ ಎಂದು ಅವನು ಕಾದ.

"ಪಾಪ" ಎಂದಳು ಜೂಡಿತ್. "ಒಬ್ಬ ಬಡ ಕುದುರೆಯಾಳು. ಅವನಿಗೆ ಬೇರೆ ದಾರಿ ಎಲ್ಲಿತ್ತು? ಅವನೂ ಬಲಿಪಶುವೇ, ಆದಿ. ಹತ್ತನೆಯವನು." ಕೀತ್ ತಲೆ ಅಲ್ಲಾಡಿಸಿ, "ಯಾರಾದರೂ ಒಬ್ಬರು ಕುದುರೆ ಹಿಡಿಯಲೇಬೇಕಲ್ಲ ಡಕ್" ಎಂದ. ಅಷ್ಟೇ. ಹೀಗೆ ಎರಡೇ ಮಾತಿನಲ್ಲಿ, ಊರಿನ ಆ ಮುದುಕಿ ಸಾಯುವತನಕ ಕೊಡದ ಕನ್ಸೆಷನ್ನನ್ನು ಡರ್ಬಿಯ ಚರ್ಚು ಅವನಿಗೆ ಕೊಟ್ಟುಬಿಟ್ಟಿತು. ಅಡಿವೆಪ್ಪ ಬೇಡ ಎನ್ನಲು ಹೊರಟ, ಆದರೆ ಆಗಲೇ ಮಾತು ಮುಂದಕ್ಕೆ ಹೋಗಿತ್ತು. ಫಲಕ ತೆಗೆದರೆ ಗೋಡೆಯಲ್ಲಿ ಉಳಿಯುವ ತೂತುಗಳನ್ನು ಮುಚ್ಚುವುದು ಹೇಗೆ, ಆ ಕಾಲದ ಸುಣ್ಣದ ಗಾರೆ ಮಾಡುವವರು ಈಗ ಯಾರಿದ್ದಾರೆ ಎಂಬ ಚರ್ಚೆಯಾಯಿತು. ಸದ್ಯಕ್ಕೆ ಕಲ್ಲು ಅಲ್ಲೇ ಇರಲಿ, ಪಕ್ಕದಲ್ಲಿ ಒಂದು ವಿವರಣೆಯ ಬೋರ್ಡು ಹಾಕೋಣ ಎಂದಾಯಿತು. ಚಹಾ ಬಂತು. ಜೂಡಿತ್ ಹತ್ತಿರ ಬಂದು, ಅವನ ಕೈಯಲ್ಲಿದ್ದ ಹಾಳೆ ತೋರಿಸಿ, "ಬೋರ್ಡಿಗೆ ಇದನ್ನೇ ಬಳಸೋಣವೇ? ಈಗ ಹೇಳಿದ್ದು ಬಹಳ ಒಳ್ಳೆಯದು, ಆದರೆ ಸ್ವಲ್ಪ ತೊಡಕು. ಜನ ನಿಂತು ಓದುವುದಿಲ್ಲ" ಎಂದಳು. "ಇದರಲ್ಲಿ ಅಳತೆ ತಪ್ಪಿದೆ" ಎಂದ ಅಡಿವೆಪ್ಪ. "ಓ, ನಿಮ್ಮ ಇಂಗ್ಲಿಷಿನ ಬಗ್ಗೆ ಚಿಂತೆ ಬೇಡ, ನಾನು ತಿದ್ದುತ್ತೇನೆ." ಅವನು ಹಾಳೆಯನ್ನು ಮಡಿಸಿದ. ಮತ್ತೆ ಮಡಿಸಿದ. ಇನ್ನು ಮಡಿಸಲಾಗದಷ್ಟು ಚಿಕ್ಕದಾದ ಮೇಲೆ ಜೇಬಿಗೆ ಹಾಕಿಕೊಂಡು, "ಇಲ್ಲ ಮೇಡಂ. ಇದನ್ನು ನಾನು ಪಾಸು ಮಾಡುವುದಿಲ್ಲ" ಎಂದ. ಕಲಿಸುವವರ ಮಾತಿಗೆ ಎದುರಾಡಿದ್ದು ಅವನ ಜೀವಮಾನದಲ್ಲಿ ಇದೇ ಮೊದಲು. ಅವಳು, "ಸರಿ, ಮಂಗಳವಾರ ನೋಡೋಣ" ಎಂದು ಅವನ ಮೊಣಕೈ ತಟ್ಟಿದಳು.

ಬೂಟಿಲ್ಲದ ಕಾಲಿನಲ್ಲಿ ಅಷ್ಟು ಜನರ ನಡುವೆ ಬಾಗಿಲತನಕ ನಡೆಯುವುದು ಒಳಗೆ ಬಂದದ್ದಕ್ಕಿಂತ ದೂರವೆನ್ನಿಸಿತು. ಮನೆಗೆ ಹೋದ ಮೇಲೆ ಹೇಳಿದರಾಯಿತು, ಇವತ್ತೇ, ಊಟಕ್ಕೆ ಮೊದಲು, ಎಂದುಕೊಳ್ಳುತ್ತಿದ್ದ. ಪರವಾಗಿಲ್ಲ, ಒಮ್ಮೆ ಹೇಳಿ ಅಭ್ಯಾಸವಾಗಿದೆ. ಹೊಸ್ತಿಲ ಹತ್ತಿರ ಬಂದು ತಲೆ ಎತ್ತಿದ. ಮುಂಗಟ್ಟಿನ ನೋಟಿಸ್ ಬೋರ್ಡಿನ ಪಕ್ಕ ಸಿಂಚನಾ ನಿಂತಿದ್ದಳು. ಕೆಫೆಯ ಕಪ್ಪು ಏಪ್ರನ್ನು ಕೋಟಿನ ಕೆಳಗೆ ಇಣುಕುತ್ತಿತ್ತು. ಅವಳ ಎರಡೂ ಕೈಯಲ್ಲಿ ಅವನ ಕಪ್ಪು ಬೂಟುಗಳಿದ್ದವು. ಊರಿಗೆ ಹೋದಾಗ ಗುಡಿಯ ಹೊರಗೆ ಎಲ್ಲರ ಚಪ್ಪಲಿ ಕಾಯುತ್ತ ನಿಲ್ಲುವ ಕೆಲಸ ಯಾವಾಗಲೂ ಅವಳದೇ ಆಗಿತ್ತು.

"ಬಸ್ಸು?" ಎಂದ.

"ಕೆಫೆ ಮ್ಯಾನೇಜರ್ ಡ್ರಾಪ್ ಮಾಡಿದ್ರು." ಅವಳು ಅವನ ಮುಖ ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಬಾಗಿಲು ಅರ್ಧ ತೆರೆದೇ ಇತ್ತು. ಒಳಗಿನ ಚಹಾ ಕಪ್ಪುಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. "ಶೂಸ್ ಇಲ್ಲೇ ಬಿದ್ದಿದ್ವು. ಯಾರಾದರೂ ತಗೊಂಡು ಹೋಗ್ತಾರ ಅಂತ ಹಿಡ್ಕೊಂಡು ನಿಂತೆ."

ಅಷ್ಟು ಉದ್ದದ ಕನ್ನಡ ಅವಳ ಬಾಯಿಂದ ಅವನು ಕೇಳಿರಲಿಲ್ಲ. ಚರ್ಚಿನ ಮುಂದೆ ಬೂಟು ಕಳುವಾಗುತ್ತದೆ ಎಂದು ಈ ದೇಶದಲ್ಲಿ ಹುಟ್ಟಿದ ಹುಡುಗಿಗೆ ಯಾಕೆ ಅನ್ನಿಸಿತೋ. ಎಷ್ಟು ಹೊತ್ತಿನಿಂದ ನಿಂತಿದ್ದೀ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವಳ ಮೂಗಿನ ತುದಿ ಕೆಂಪಾಗಿತ್ತು.

"ಅಪ್ಪ" ಎಂದಳು. "ಅವ ಬರೇ ಹಿಡ್ಕೊಂಡಿದ್ದನಾ?"

"ಹೂಂ. ಬರೇ ಹಿಡಕೊಂಡಿದ್ದ."

"ಕುದುರಿ ಕಣ್ಣು ಮುಚ್ಚಿದ."

"ಹೂಂ."

"ತನ್ನ ಕಣ್ಣು?"

ಹಬ್ಬದ ದಿನ ಅಷ್ಟು ಸಲ ಕೇಳಿದ ಕಥೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅಡಿವೆಪ್ಪ ಯೋಚಿಸಿದ. ಅವನು ಶ್ರದ್ಧೆಯ ಮನುಷ್ಯ. "ಇಲ್ಲ" ಎಂದ. "ಎರಡೂ ಕೈಯಾಗ ಕುದುರಿ ಇತ್ತಲ್ಲ."

ಸಿಂಚನಾ ತನ್ನ ಎರಡೂ ಕೈ ನೋಡಿಕೊಂಡಳು. ಬಗ್ಗಿ ಬೂಟುಗಳನ್ನು ನೆಲದ ಮೇಲೆ ಇಟ್ಟಳು. ಅವನ ಕಾಲ ಬುಡಕ್ಕಲ್ಲ, ತಾನು ನಿಂತಲ್ಲೇ. ಆಮೇಲೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಕಾರಿನ ಕಡೆ ನಡೆದಳು. ಅಡಿವೆಪ್ಪ ಹೊಸ್ತಿಲು ದಾಟಿ, ಒದ್ದೆ ಕಲ್ಲಿನ ಮೇಲೆ ಹರಿದ ಕಾಲುಚೀಲ ಊರುತ್ತ, ಅವುಗಳ ಹತ್ತಿರಕ್ಕೆ ಹೋದ.